ಇಳಿಜಾರಿಗೆ ಮುಖ

ಕರಿಗುಡ್ಡದ ಆಶ್ರಮದಲ್ಲಿ ಎರಡು ಜೀಪುಗಳಿದ್ದವು. ಓಡುತ್ತಿದ್ದದ್ದು ಒಂದೇ.

ಓಡುವುದಕ್ಕೆ ಅಕ್ಕ ಎಂದೂ ನಿಂತದ್ದಕ್ಕೆ ತಂಗಿ ಎಂದೂ ಹೆಸರು. ಅಕ್ಕನಿಗೆ ಏನು ಕೆಟ್ಟರೂ ತಂಗಿಯ ಮೈಯಿಂದ ಬಿಚ್ಚಿ ಹಾಕುತ್ತಿದ್ದರು. ಹೀಗೆ ಕೊಟ್ಟು ಕೊಟ್ಟು ತಂಗಿ ಬೇವಿನ ಮರದಡಿ ಬರೀ ತಗಡಾಗಿ ನಿಂತಿದ್ದಳು. ಮಳೆ ಬಂದರೆ ಅಡುಗೆಮನೆಯ ಒಲೆಗೆ ಬೇಕಾದ ಸಗಣಿಯ ಕುಳ್ಳುಗಳನ್ನು ಅವಳೊಳಗೆ ಒಟ್ಟುತ್ತಿದ್ದರು.

ಎರಡನ್ನೂ ನೋಡಿಕೊಳ್ಳುತ್ತಿದ್ದವನು ಶಿಷ್ಯ ಮಾಳಿಂಗ. ಮೀಸೆ ಮೂಡುವ ಮೊದಲೇ ಬಂದವನು, ಈಗ ಗಡ್ಡದಲ್ಲಿ ಬಿಳಿ ಕಾಣಿಸಿತ್ತು. ಬಂದ ದಿನ ಅವನು ಗುರುಗಳ ಮುಂದೆ ಕೈಮುಗಿದು, ಮಂತ್ರ ಕೊಡಬೇಕೆಂದು ಕೇಳಿದ್ದ. ಎಲ್ಲರೂ ಅಜ್ಜಾರು ಎಂದು ಕರೆಯುವ ಆ ಗುರುಗಳು ಅವನ ಕೈಗೆ ಜೀಪಿನ ಚಾವಿ ಕೊಟ್ಟಿದ್ದರು.

"ಓಡಿಸೋದು ಆಮ್ಯಾಲೆ ಕಲಿ," ಎಂದಿದ್ದರು. "ಮೊದಲು ನಿಲ್ಲಿಸೋದು ಕಲಿ."

ಅದಕ್ಕೆ ಕಾರಣವಿತ್ತು. ಅಕ್ಕನ ಸ್ಟಾರ್ಟರ್ ಆಗಲೇ ಕೈಕೊಟ್ಟಿತ್ತು. ತಂಗಿಯದನ್ನು ಬಿಚ್ಚಿ ಹಾಕಿದರು, ಅದೂ ಕೈಕೊಟ್ಟಿತು. ಬೇರೆ ತರೋಣವೆಂದರೆ ಆ ಮಾಲು ಪೇಟೆಗೆ ಬರುವುದೇ ನಿಂತಿತ್ತು. ಹಾಗಾಗಿ ಜೀಪನ್ನು ಎಲ್ಲಿ ನಿಲ್ಲಿಸಿದರೂ ಇಳಿಜಾರಿಗೆ ಮುಖ ಮಾಡಿಯೇ ನಿಲ್ಲಿಸಬೇಕು, ಗಾಲಿಗೆ ಒಂದು ಕಲ್ಲು ಕೊಡಬೇಕು. ಹೊರಡುವಾಗ ಕಲ್ಲು ತೆಗೆದು ಹಿಂದಿನಿಂದ ನಾಲ್ಕು ಮಂದಿ ದೂಡಿದರೆ ಜೀಪು ಉರುಳಿ, ಕೆಮ್ಮಿ, ಹೊತ್ತಿಕೊಳ್ಳುತ್ತಿತ್ತು.

ಇದಕ್ಕೆ ಆಶ್ರಮದಲ್ಲಿ ದೂಡುಸೇವೆ ಎಂದು ಹೆಸರು. ಬಂದವರು ಯಾರೇ ಆಗಲಿ, ಸೇವೆ ತಪ್ಪುತ್ತಿರಲಿಲ್ಲ. ತಾಲೂಕಿನ ಸಾಹೇಬರೊಬ್ಬರು ದೂಡಿದ್ದರು; ಅವರಿಗೆ ಅರ್ಜಿ ಕೊಡಲೆಂದು ಹಿಂದೆಯೇ ಬಂದಿದ್ದವನೂ ಅವರ ಹೆಗಲಿಗೆ ಹೆಗಲು ತಾಗಿಸಿ ದೂಡಿದ್ದ. ಜೀಪು ಹೊತ್ತಿಕೊಳ್ಳುವಷ್ಟರಲ್ಲಿ ಅರ್ಜಿ ಇತ್ಯರ್ಥವಾಯಿತು ಎಂದು ಜನ ಇವತ್ತಿಗೂ ನಗುತ್ತಾರೆ.

ಜೀಪಿಗೆ ಕೆಲಸವೂ ಇತ್ತು. ಗುಡ್ಡದ ಹಿಂಬದಿಯಿಂದ ಇಳಿದು, ಹೊಳೆಯ ಉಸುಕು ದಾಟಿದರೆ, ಆಚೆಯ ದಿಣ್ಣೆಯ ಮೇಲೆ ಕಲ್ಲುಕುಟಿಗರ ಕೇರಿ. ಅಲ್ಲಿಗೆ ರಸ್ತೆ ಇಲ್ಲ. ಬೇರೆ ಗಾಡಿಗಳು ಹೋಗುವುದಿಲ್ಲ. ವಾರಕ್ಕೊಮ್ಮೆ ಅಕ್ಕ ಜೋಳ, ಔಷಧ ಹೊತ್ತು ಹೋಗುತ್ತಿತ್ತು. ಬರುವಾಗ ದವಾಖಾನೆಗೆ ಹೋಗಬೇಕಾದವರನ್ನು ಕೂರಿಸಿಕೊಂಡು ಬರುತ್ತಿತ್ತು.

ಒಂದು ದಿನ ಬೇಳೆ ಮಿಲ್ಲಿನ ಪದ್ಮಣ್ಣ ಸಾಹುಕಾರರು ಆಶ್ರಮಕ್ಕೆ ಬಂದರು. ಅಜ್ಜಾರ ಭಕ್ತರು, ಆದರೆ ಭಕ್ತಿಯಲ್ಲೂ ಒಂದು ಕಣ್ಣು ತಕ್ಕಡಿಯ ಮೇಲೆ ಇಟ್ಟವರು. ಹಿಂದಿನ ಸಲದ ದೂಡುಸೇವೆಯಲ್ಲಿ ಅವರ ಸೊಂಟ ಹಿಡಿದಿತ್ತು.

ಉಸುಕು, ಬಂಡೆ ಯಾವುದಕ್ಕೂ ಅಂಜದ, ನಾಲ್ಕೂ ಗಾಲಿ ಎಳೆಯುವ ಹೊಸ ಗಾಡಿಯನ್ನು ಆಶ್ರಮಕ್ಕೆ ತಾವು ಕೊಡಿಸುವುದಾಗಿ ಹೇಳಿದರು. ಒಂದೇ ಕರಾರು. ಹಳೆಯವೆರಡನ್ನೂ ಶೋರೂಮಿನವರಿಗೆ ಬಿಟ್ಟುಕೊಡಬೇಕು.

"ಇಟ್ಕೊಂಡ್ರ ನೀವು ಮತ್ತ ಅದನ್ನೇ ದೂಡ್ತೀರಿ," ಎಂದರು. "ಹೊಸದನ್ನ ಅರಿವಿ ಹೊಚ್ಚಿ ಮೂಲ್ಯಾಗ ನಿಲ್ಲಿಸಿ, ಕುಂಕುಮ ಹಚ್ಚತೀರಿ. ನಿಮ್ಮ ಮಂದಿ ನನಗ ಗೊತ್ತಿಲ್ಲೇನ್ರಿ?"

ಅಜ್ಜಾರು ಮಾಳಿಂಗನ ಕಡೆ ನೋಡಿದರು. "ಗಾಡಿ ಇವಂದು. ಇವನೇ ಹೇಳಲಿ."

ಮುಂದಿನ ಸಂತೆಯ ದಿನ ಉತ್ತರ ಕೇಳಲು ಬರುವುದಾಗಿ ಹೇಳಿ ಸಾಹುಕಾರರು ಹೋದರು.

ಆ ಸಂಜೆ ಮಾಳಿಂಗ ಅಕ್ಕನನ್ನು ತೊಳೆದ. ತೊಳೆಯುವ ವಾರವಲ್ಲ, ಆದರೂ ತೊಳೆದ.

ಅಜ್ಜಾರಿಂದ ಕೇಳಿದ್ದನ್ನೆಲ್ಲ ಅವನು ಕೇಳಿದ್ದು ಆ ಜೀಪಿನಲ್ಲೇ. ಇಂಜಿನ್ನಿನ ಸದ್ದಿನಲ್ಲಿ ಅಜ್ಜಾರು ಕೂಗಿ ಹೇಳಬೇಕಾಗುತ್ತಿತ್ತು. ಕೂಗಿ ಹೇಳಬೇಕಾದ್ದರಿಂದ ಕಡಿಮೆ ಹೇಳುತ್ತಿದ್ದರು. ಎಡಗಡೆಯ ಬಾಗಿಲು ನಿಲ್ಲುವುದಿಲ್ಲವೆಂದು ಅವರೇ ಒಂದು ಹಗ್ಗ ಕಟ್ಟಿದ್ದರು. ಆ ಗಂಟು ಹಾಗೇ ಇತ್ತು. ತಳದ ತಗಡಿನಲ್ಲಿ ಒಂದು ತೂತು. ಹೊಳೆ ದಾಟುವಾಗ ಅದರಲ್ಲಿ ನೀರು ಹೊಳೆಯುವುದನ್ನು ನೋಡಿ, ಎಷ್ಟು ಆಳವಿದೆ ಎಂದು ಅವನು ಹೇಳಬಲ್ಲವನಾಗಿದ್ದ.

ಅಡುಗೆಯ ಬಾಳವ್ವ ಕುಳ್ಳು ತೆಗೆದುಕೊಳ್ಳಲು ಬಂದವಳು ಅವನನ್ನು ನೋಡಿ ನಿಂತಳು.

"ತೊಳಿ, ತೊಳಿ," ಎಂದಳು. "ಅದರ ಬ್ಯಾಟರಿ ಎಲ್ಲಿ ಐತಿ ಗೊತ್ತೈತೇನು? ನಮ್ಮ ಸೊಂಟದಾಗ ಐತಿ. ಅದನ್ನೂ ಒಂದೀಟು ತಿಕ್ಕು."

ಮರುದಿನ ಮಾಳಿಂಗ ಅಜ್ಜಾರ ಹತ್ತಿರ ಹೋದ. ಹೊಸ ಗಾಡಿ ಬೇಡವೆನ್ನಲು ಕಾರಣಗಳನ್ನು ಜೋಡಿಸಿಕೊಂಡೇ ಹೋಗಿದ್ದ. ಹಳೆಯದು ಎಲ್ಲಿ ನರಳಿದರೂ ಕಿವಿಗೆ ತಿಳಿಯುತ್ತದೆ. ಹೊಸದರಲ್ಲಿ ಎಲ್ಲವನ್ನೂ ಮುಚ್ಚಿಟ್ಟಿರುತ್ತಾರೆ. ಕೆಟ್ಟರೆ ಪೇಟೆಯವರೇ ಬರಬೇಕು. ದೂಡುಸೇವೆಯಿಲ್ಲದೆ ಬಂದವರೆಲ್ಲ ಬರೀ ಪ್ರಸಾದ ಉಂಡು ಹೋಗುತ್ತಾರೆ. ಹೀಗೆ ಬಹಳ ಹೊತ್ತು ಹೇಳಿದ. ಗಿರಾಕಿ ಎದ್ದುಹೋಗುವ ಭಯವಿದ್ದ ಅಂಗಡಿಯವನು ಹೇಳುವಂತೆ ಹೇಳಿದ.

ಅಜ್ಜಾರು ಎಲ್ಲ ಕೇಳಿದರು.

"ನಮ್ಮಲ್ಲಿ ಜೀಪು ಎಷ್ಟು ಅದಾವು?"

"ಎರಡ್ರಿ."

"ಓಡೋವು?"

"ಒಂದ್ರಿ."

"ದೂಡೋರು ಇರಲಿಲ್ಲಂದ್ರ?"

"ದೂಡೋರು ಅದಾರ್ರಿ," ಎಂದ ಮಾಳಿಂಗ.

"ಹಂಗಿದ್ರ ಇಟ್ಕೋ," ಎಂದರು ಅಜ್ಜಾರು. ಅಷ್ಟಕ್ಕೇ ಬಿಟ್ಟರು.

ಕೇರಿಗೆ ಹೋಗುವ ದಿನ ಬಂತು. ಅಂದು ಬೆಳಿಗ್ಗೆ ಚಳಿಯಿತ್ತು. ಕೇರಿಯಲ್ಲಿ ಒಬ್ಬ ಮುದುಕಿಗೆ ಜ್ವರ ಇಳಿದಿಲ್ಲವೆಂದು ಹೇಳಿಕಳಿಸಿದ್ದರು, ಹೊರಡದೆ ಇರುವಂತಿರಲಿಲ್ಲ. ಮಾಳಿಂಗ ಜೋಳದ ಚೀಲಗಳನ್ನು ಹೇರಿ, ಸೀಟಿನಲ್ಲಿ ಕೂತು, ಎಂದಿನಂತೆ ಹಿಂದಕ್ಕೆ ನೋಡದೆ ಕೂಗಿದ.

"ದೂಡ್ರಿ!"

ಜೀಪು ಅಲುಗಲಿಲ್ಲ. ಮತ್ತೆ ಕೂಗಿದ. ಬಹಳ ಹೊತ್ತಿಗೆ ಗಾಲಿ ಉರುಳಿತು. ನಿಧಾನಕ್ಕೆ, ಯಾರೋ ಮನಸ್ಸಿಲ್ಲದೆ ದೂಡಿದಂತೆ. ಇಳಿಜಾರಿನ ಅಂಚು ದಾಟಿ ಅಕ್ಕ ಕೆಮ್ಮಿ ಹೊತ್ತಿಕೊಂಡಿತು. ಮಾಳಿಂಗ ಕನ್ನಡಿ ನೋಡಿದ.

ಚಳಿಗೆ ಬೇರೆ ಯಾರೂ ಬಂದಿರಲಿಲ್ಲ, ಹಿಂದೆ ಇದ್ದದ್ದು ಇಬ್ಬರೇ. ಬಾಳವ್ವ ಸೊಂಟ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ಅಜ್ಜಾರು ದೂಡಿದ ರಭಸಕ್ಕೆ ಮುಗ್ಗರಿಸಿ, ನೆಲಕ್ಕೆ ಮಂಡಿಯೂರಿದ್ದರು. ರುಮಾಲು ಬಿಚ್ಚಿ ದೂಳಿನಲ್ಲಿ ಬಿದ್ದಿತ್ತು.

ಬ್ರೇಕು ತುಳಿದರೆ ಇಂಜಿನ್ ಆರುತ್ತದೆ. ತಣ್ಣಗಿನ ಇಂಜಿನ್ನು ಆರಿದರೆ ಮತ್ತೆ ದೂಡಬೇಕು, ದೂಡುವವರು ಅವರೇ. ಮಾಳಿಂಗ ಬ್ರೇಕು ತುಳಿಯಲಿಲ್ಲ. ಕನ್ನಡಿಯಲ್ಲಿ ಗುರುಗಳು ಸಣ್ಣವರಾಗುತ್ತಾ ಹೋದರು.

ಗುಡ್ಡದ ಬುಡದಲ್ಲಿ ನಿಲ್ಲಿಸಿ, ಇಳಿಯಲೂ ಆಗದೆ ಆಕ್ಸಿಲರೇಟರಿನ ಮೇಲೆ ಕಾಲಿಟ್ಟೇ ಕೂತ. ಅಜ್ಜಾರು ನಿಧಾನವಾಗಿ ನಡೆದು ಬಂದರು. ಮಂಡಿಯ ಹತ್ತಿರ ಧೋತರ ಕೆಂಪಾಗಿತ್ತು. ಹತ್ತಿ ಕೂತು, ಬಾಗಿಲಿನ ಹಗ್ಗ ಬಿಗಿದರು.

"ನಡಿ."

ಉಸುಕಿಗೆ ಇಳಿಯುವಾಗ ಮಾಳಿಂಗ ತಡೆಯಲಾರದೆ ಕೇಳಿದ. "ನೀವ್ಯಾಕ ದೂಡಾಕ ಹೋದ್ರಿ, ಅಜ್ಜಾರ?"

ಅಜ್ಜಾರು ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದರು. "ದೂಡೋರು ಅದಾರ ಅಂದಿದ್ದಿಯಲ್ಲ. ಯಾರು ಅಂತ ನೋಡಾಕ ಹೋದೆ."

ಸಂತೆಯ ದಿನ ಸಾಹುಕಾರರು ಬಂದಾಗ ಮಾಳಿಂಗ, ಹೊಸದನ್ನು ತರಿಸಿರಿ ಎಂದ. ಅವರು ವಾದಕ್ಕೆ ತಯಾರಾಗಿ ಬಂದಿದ್ದವರು. ವಾದವೇ ಬೇಕಾಗದೆ ಹೋದದ್ದಕ್ಕೆ ಸ್ವಲ್ಪ ಪೆಚ್ಚಾದರು.

ಹಳೆಯವೆರಡನ್ನೂ ಒಯ್ಯಲು ಲಾರಿ ಬಂತು. ಮಾಳಿಂಗ ಬಾಗಿಲಿನ ಹಗ್ಗದ ಗಂಟಿಗೆ ಕೈಹಾಕಿದ, ಬಿಚ್ಚಿ ಇಟ್ಟುಕೊಳ್ಳೋಣವೆಂದು. ಅಜ್ಜಾರು ಕಂಡರು.

"ಬಿಡು. ಬಾಗಿಲು ಬಿದ್ದೀತು," ಎಂದರು.

ತಂಗಿಯನ್ನು ಹತ್ತಿಸುವುದು ಸುಲಭವಾಯಿತು. ಅವಳ ಮೈಯಲ್ಲಿ ಏನೂ ಉಳಿದಿರಲಿಲ್ಲ. ಅಕ್ಕನನ್ನು ಹಲಗೆಯ ಮೇಲಿಂದ ಲಾರಿಗೆ ಏರಿಸಲು ಎಲ್ಲರೂ ಕೈಹಚ್ಚಬೇಕಾಯಿತು. ಸಾಹುಕಾರರೂ ಒಂದು ಕೈ ಸೊಂಟಕ್ಕೆ, ಒಂದು ಕೈ ಜೀಪಿಗೆ ಕೊಟ್ಟರು. ಹೋಗುವಾಗಲೂ ದೂಡಿಸಿಕೊಂಡೇ ಹೋದಳು ನೋಡು ಎಂದು ಬಾಳವ್ವ ಬೈದಳು. ಬೈಯುತ್ತಾ ಸೆರಗಿನಿಂದ ಮುಖ ಒರೆಸಿಕೊಂಡಳು.

ಅಷ್ಟು ಕಾಲ ಸೀಟಿನಲ್ಲೇ ಕೂತಿದ್ದ ಮಾಳಿಂಗ ಅಂದು ಮೊದಲ ಸಲ ಹಿಂದೆ ನಿಂತು ದೂಡಿದ. ಅಕ್ಕ ಇಷ್ಟು ಭಾರ ಎಂದು ಅವನಿಗೆ ಗೊತ್ತಿರಲಿಲ್ಲ.

ಹೊಸ ಗಾಡಿ ಬಂತು. ಗುಂಡಿ ಒತ್ತಿದರೆ ಹೊತ್ತಿಕೊಳ್ಳುತ್ತಿತ್ತು. ಬಾಗಿಲುಗಳು ತಾವಾಗಿ ನಿಲ್ಲುತ್ತಿದ್ದವು. ಉಸುಕಿನಲ್ಲಿ ಅದು ಅಂಗಳದಲ್ಲಿ ನಡೆದಂತೆ ನಡೆಯಿತು. ಒಳಗೆ ಸದ್ದೇ ಇಲ್ಲ, ಪಿಸುಗುಟ್ಟಿದರೂ ಕೇಳಿಸುವಂತಿತ್ತು. ಅಜ್ಜಾರು ಏನಾದರೂ ಹೇಳಿಯಾರೆಂದು ಮಾಳಿಂಗ ದಾರಿಯುದ್ದಕ್ಕೂ ಕಾದ. ಅವರು ಹೊಳೆಯನ್ನು ನೋಡುತ್ತಾ ಕೂತಿದ್ದರು. ತಳದಲ್ಲಿ ತೂತಿರಲಿಲ್ಲ. ನೀರು ಎಷ್ಟಿತ್ತೋ ತಿಳಿಯಲಿಲ್ಲ.

ಕೇರಿ ಮುಟ್ಟಿದರು. ಜ್ವರದ ಮುದುಕಿ ಎದ್ದು ಕಟ್ಟೆಯ ಮೇಲೆ ಕೂತಿದ್ದಳು. ಕಲ್ಲುಕುಟಿಗರು ಉಳಿ ಕೆಳಗಿಟ್ಟು ಬಂದು ಗಾಡಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಕೇರಿಯ ಹಿರಿಯ ದುರಗಪ್ಪ ಮಾತ್ರ ಗಾಲಿಯ ಹತ್ತಿರ ಕೂತು ನಗತೊಡಗಿದ.

"ಏ ಮಾಳಿಂಗಾ, ಇದೇನೋ?"

ಮಾಳಿಂಗ ತಿರುಗಿ ನೋಡಿದ. ಗಾಡಿಯನ್ನು ತಾನು ಹಿಂದೆ ಮುಂದೆ ಮಾಡಿ, ಪೂರ್ತಿ ತಿರುಗಿಸಿ, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ್ದ. ಅಕ್ಕನಿಗೆಂದು ಆ ಕೇರಿಯವರು ಒಂದು ಕಲ್ಲನ್ನು ಗಾಲಿಯ ಅಳತೆಗೆ ಕೆತ್ತಿ ಅಲ್ಲೇ ಇಟ್ಟಿದ್ದರು. ಆ ಕಲ್ಲನ್ನೂ ಗಾಲಿಗೆ ಕೊಟ್ಟಿದ್ದ. ಯಾವಾಗ ಕೊಟ್ಟನೋ ಅವನಿಗೇ ತಿಳಿದಿರಲಿಲ್ಲ.

"ಗುಂಡಿ ಒತ್ತೋ ಗಾಡಿಗೂ ಕಲ್ಲೇನೋ?" ಎಂದ ದುರಗಪ್ಪ. ಸುತ್ತ ನಿಂತವರೆಲ್ಲ ನಕ್ಕರು.

ಮಾಳಿಂಗ ನಾಚಿ, ಕಲ್ಲು ತೆಗೆಯಲು ಬಗ್ಗಿದ. ಬಗ್ಗಿದವನು ಹಾಗೇ ಕೂತ. ಕಲ್ಲಿನ ಮೇಲೆ ಅಕ್ಕನ ಗಾಲಿ ತಿಕ್ಕಿದ ಕಪ್ಪು ಇನ್ನೂ ಇತ್ತು.

"ಅಕ್ಕನ್ನ ಕೊಟ್ಟುಬಿಟ್ಟೀನಿ ಅನ್ನೋದೇ ಮರೆತಿದ್ದೆ, ಅಜ್ಜಾರ," ಎಂದ.

ಅಜ್ಜಾರು ಇಳಿದು ಬಂದರು. ಗಾಲಿಯನ್ನು ನೋಡಿದರು, ಕಲ್ಲನ್ನು ನೋಡಿದರು, ಕೆಳಗೆ ಹೊಳೆಯವರೆಗೆ ಇಳಿದುಹೋದ ಇಳಿಜಾರನ್ನು ನೋಡಿದರು.

"ಎಲ್ಲಿ ಕೊಟ್ಟೀಯೋ?" ಎಂದರು. "ಇಲ್ಲೇ ನಿಲ್ಲಿಸೀಯಲ್ಲ."