ಸೆವ್ರಿನ್ ಬಾಯಮ್ಮನ ಉಬ್ಬದ ಹಿಟ್ಟು

ಕಡಲ ಕರೆಯ ಒಂದು ಸಣ್ಣ ಊರಿನಲ್ಲಿ ಸೆವ್ರಿನ್ ಬಾಯಮ್ಮ ಎಂಬ ಹೆಂಗಸು ಬನ್ನು ಮಾಡಿ ಮಾರುತ್ತಿದ್ದಳು. ಅವಳ ಬನ್ನು ಹತ್ತಿಯಂತೆ ಮೆತ್ತಗೆ. ಅದಕ್ಕೆ ಕಾರಣ ತೆಂಗಿನ ಕಳ್ಳು. ಐತಪ್ಪ ಪೂಜಾರಿ ದಿನಾ ಬೆಳಿಗ್ಗೆ ಮರದಿಂದ ಇಳಿಸಿದ ಕಳ್ಳನ್ನು ನೇರ ಅವಳಿಗೆ ತಂದುಕೊಡುತ್ತಿದ್ದ. ಅವಳು ಅದನ್ನು ಉಗುರುಬೆಚ್ಚಗಿನ ನೀರಿನ ಜೊತೆ ಮೈದಾಕ್ಕೆ ಹಾಕಿ ನಾದಿ ಇಡುತ್ತಿದ್ದಳು. ಕಳ್ಳಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳಿರುತ್ತವೆ. ಅವು ಹಿಟ್ಟಿನಲ್ಲಿರುವ ಸಿಹಿಯನ್ನು ತಿಂದು ಗಾಳಿ ಬಿಡುತ್ತವೆ. ಚೆನ್ನಾಗಿ ನಾದಿದ ಹಿಟ್ಟು ಆ ಗಾಳಿಯನ್ನು ಹೊರಗೆ ಬಿಡದೆ ಹಿಡಿದುಕೊಂಡು ಉಬ್ಬುತ್ತದೆ.

ಒಂದು ದಿನ ಮಾರ್ಸೆಲ್ ಎಂಬವರ ಮನೆಯಲ್ಲಿ ಮಗುವಿಗೆ ಚರ್ಚಿನಲ್ಲಿ ಹೆಸರಿಡುವ ಜ್ಞಾನಸ್ನಾನದ ಊಟವಿತ್ತು. ಸಂಜೆಗೆ ನೂರೈವತ್ತು ಬನ್ನು ಬೇಕೆಂದಿದ್ದರು. ಹಿಟ್ಟು ಬೇಗ ಉಬ್ಬಲಿ ಎಂದು ಬಾಯಮ್ಮ ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನೇ ಕಳ್ಳು ಹಾಕಿದ ಮೈದಾಕ್ಕೆ ಸುರಿದು ಸೌಟಿನಲ್ಲಿ ಕಲಸಿದಳು. ಉಳಿದ ಸ್ವಲ್ಪ ಕಳ್ಳನ್ನು ಬಾಟಲಿಯಲ್ಲಿ ತೆಗೆದಿಟ್ಟಳು.

ಮಧ್ಯಾಹ್ನ ಬಟ್ಟೆ ಸರಿಸಿದರೆ ಹಿಟ್ಟು ಇಟ್ಟ ಹಾಗೆಯೇ ಬಿದ್ದಿತ್ತು. ಬೇರೆ ದಾರಿ ಕಾಣದೆ ಅದನ್ನೇ ಬೇಯಿಸಿದಳು. ಬನ್ನು ಕಲ್ಲಾಯಿತು.

ಸಂಜೆ ಮಾರ್ಸೆಲ್ ಬುಟ್ಟಿ ಹಿಡಿದು ಬಂದರು. ಅಂಗಡಿ ಮುಂದೆ ಇನ್ನೂ ಏಳೆಂಟು ಗಿರಾಕಿಗಳಿದ್ದರು. ಖಾಲಿ ಮಡಕೆ ಒಯ್ಯಲು ಐತಪ್ಪನೂ ಬಂದಿದ್ದ.

"ಇದೆಂತ ಬಾಯಮ್ಮ? ಇದನ್ನು ನೆಂಟರಿಗೆ ಹೇಗೆ ಕೊಡುವುದು?" ಎಂದರು ಮಾರ್ಸೆಲ್.

ಬಾಯಮ್ಮ ಐತಪ್ಪನತ್ತ ಬೆರಳು ತೋರಿಸಿದಳು. "ಇವನನ್ನು ಕೇಳಿ! ಕಳ್ಳಿಗೆ ನೀರು ಬೆರೆಸಿ ತಂದರೆ ಹಿಟ್ಟು ಉಬ್ಬುತ್ತದಾ?"

"ನಾನು ಬೆರೆಸಿಲ್ಲ ಬಾಯಮ್ಮ," ಎಂದ ಐತಪ್ಪ.

ಆ ಕ್ಷಣದಲ್ಲಿ ಬೆಳಗಿನ ನೀರಿನ ಹಬೆ ಬಾಯಮ್ಮನಿಗೆ ನೆನಪಾಯಿತು. ನೆನಪಾದ ಕೂಡಲೇ ಅವಳು ದನಿ ಇನ್ನಷ್ಟು ಏರಿಸಿದಳು. "ಸುಳ್ಳು ಹೇಳಬೇಡ ಮಾರಾಯ!"

"ಹಾಗಾದರೆ ಇನ್ನು ನಮ್ಮ ಮನೆಗೂ ನಿನ್ನ ಕಳ್ಳು ಬೇಡ," ಎಂದರು ಮಾರ್ಸೆಲ್. ಉಳಿದವರೂ ತಮಗೂ ಬೇಡವೆಂದರು. ಐತಪ್ಪ ಮಡಕೆ ಎತ್ತಿಕೊಂಡು ಹೊರಟುಹೋದ.

ಮರುದಿನ ಅವನು ಬರಲಿಲ್ಲ. ಬಾಯಮ್ಮ ಬಾಟಲಿಯ ಕಳ್ಳಿಗೆ ಉಗುರುಬೆಚ್ಚಗಿನ ನೀರು ಸೇರಿಸಿ ಒಂದಿಷ್ಟು ಹಿಟ್ಟು ನಾದಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅದು ಎರಡು ಪಟ್ಟಾಗಿ ಮುಚ್ಚಿದ ಬಟ್ಟೆಯನ್ನೇ ಎತ್ತಿತ್ತು. ಕಳ್ಳಿನಲ್ಲಿ ಕೊರತೆ ಇರಲಿಲ್ಲ. ಅದರೊಳಗಿನ ಸಣ್ಣ ಜೀವಿಗಳನ್ನು ಕುದಿನೀರು ಸುರಿದು ಕೊಂದವಳು ತಾನೇ.

ಆ ಹಿಟ್ಟನ್ನು ಬೇಯಿಸಿ, ಬಿಸಿ ಬನ್ನು ಕಟ್ಟಿಕೊಂಡು ಐತಪ್ಪನ ಮನೆಗೆ ಹೋದಳು. ಅವನು ಅಂಗಳದಲ್ಲಿ ಕಳ್ಳು ಇಳಿಸುವ ಕತ್ತಿ ಮಸೆಯುತ್ತಿದ್ದ.

"ತಪ್ಪು ನನ್ನದು ಐತಪ್ಪ. ಕುದಿನೀರು ಹಾಕಿದ್ದು ನಾನು. ಮನಸ್ಸಿಗೆ ಹಚ್ಚಿಕೊಳ್ಳಬೇಡ."

ಅವನು ಪೊಟ್ಟಣ ಮುಟ್ಟಲಿಲ್ಲ. "ನಾನು ನೀರು ಬೆರೆಸಿಲ್ಲ ಅಂತ ನನಗೆ ನಿನ್ನೆಯೇ ಗೊತ್ತಿತ್ತು ಬಾಯಮ್ಮ. ಗೊತ್ತಿಲ್ಲದವರು ನಿಮ್ಮ ಅಂಗಡಿ ಮುಂದೆ ನಿಂತಿದ್ದರು."

ಬಾಯಮ್ಮ ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಹೊರಟಳು. ಅಲ್ಲಿಂದ ನೇರ ಮಾರ್ಸೆಲರ ಮನೆಗೆ ಹೋಗಿ ನಡೆದದ್ದನ್ನು ಹೇಳಿದಳು. ಸಂಜೆ ಅಂಗಡಿ ಮುಂದೆ ನಿಂತು ಬಂದವರಿಗೆಲ್ಲ ಹೇಳಿದಳು.

ಒಬ್ಬಾಕೆ ನಕ್ಕಳು. "ಇಷ್ಟು ವರ್ಷ ಬನ್ನು ಮಾಡಿದವರಿಗೆ ಅಷ್ಟೂ ಗೊತ್ತಾಗಲಿಲ್ಲವಾ?"

"ಗೊತ್ತಿತ್ತು," ಎಂದಳು ಬಾಯಮ್ಮ. "ಅವನನ್ನು ಬೈಯುವಾಗಲೇ ಗೊತ್ತಿತ್ತು."

ಯಾರೂ ಮತ್ತೆ ನಗಲಿಲ್ಲ.

ಮಾರ್ಸೆಲ್ ಮತ್ತು ಹೆಚ್ಚಿನವರು ಐತಪ್ಪನನ್ನು ಮತ್ತೆ ಕರೆಸಿಕೊಂಡರು. ಎರಡು ಮನೆಯವರು ಮಾತ್ರ ಕೊನೆಗೂ ಕರೆಯಲಿಲ್ಲ. ಬಾಯಮ್ಮನ ಅಂಗಡಿಗೂ ಅವನು ಬರತೊಡಗಿದ. ಆದರೆ ಮಡಕೆ ಇಳಿಸುವ ಮೊದಲು ದಿನಾ ಹೇಳುತ್ತಾನೆ, "ಒಮ್ಮೆ ರುಚಿ ನೋಡಿ ಬಾಯಮ್ಮ, ನೀರು ಉಂಟಾ ಅಂತ." ದಿನಾ ಅವಳು ಕಣ್ಣೆತ್ತದೆ ರುಚಿ ನೋಡುತ್ತಾಳೆ.

ನೀತಿ: ಹತ್ತು ಜನರ ಎದುರು ಹೊರಿಸಿದ ಸುಳ್ಳು ತಪ್ಪನ್ನು ಆ ಹತ್ತು ಜನರ ಎದುರೇ ಇಳಿಸಬೇಕು. ಇಳಿಸಿದ ಮೇಲೂ ಅದರ ಗುರುತು ಉಳಿಯುತ್ತದೆ. ಆದ್ದರಿಂದ ಬೇರೆಯವರತ್ತ ಬೆರಳು ತೋರಿಸುವ ಮೊದಲು ನಮ್ಮ ಕೈ ಮಾಡಿದ್ದನ್ನು ನೆನೆಯಬೇಕು.