ಹರಿಗೋಲಲ್ಲಿ ಎದ್ದು ನಿಂತೋನು

ಈ ಹೊಳೇಲಿ ನನ್ನಂಗೆ ಹರಿಗೋಲು ಹಾಕೋನು ಇನ್ನೊಬ್ಬ ಹುಟ್ಟಿಲ್ಲ. ಹುಟ್ಟೋದೂ ಇಲ್ಲ. ಅದ್ಕೇ ಈ ಕತೆ ನಾನೇ ಹೇಳ್ಬೇಕು. ಆವತ್ತು ಗುರು ಶಿಷ್ಯರ ಜೊತೇಲಿ ನೀರ ಮೇಲಿದ್ದೋನು ನಾನೊಬ್ನೇ.

ಹೊಳೆ ದಂಡೇಲಿ ಒಂದು ಆಶ್ರಮ. ಮಣ್ಣಿನ ಗೋಡೆ, ಮೇಲೊಂದು ಮರದ ಶಿಲುಬೆ. ಚೌರಪ್ಪ ಸ್ವಾಮ್ಯೋರು ಗುರು. ಇನ್ನಾಸಪ್ಪ ಶಿಷ್ಯ. ಹೆಂಡ್ತಿ ತೀರ್ಕಂಡ ಮೇಲೆ ಇನ್ನಾಸಪ್ಪ ಇದ್ದೊಬ್ಬ ಮಗಳನ್ನ ಎತ್ಕಂಡು ಅಲ್ಲಿಗೆ ಬಂದು ಸೇರ್ಕಂಡಿದ್ದ.

ಹೊಳೆ ತುಂಬಿ ಬಂದಿತ್ತು. ಆವಾಗ್ಲೇ ಮಗೀಗೆ ಜ್ವರ ಏರ್ತು. ಕರುದ್ರೆ ಕಣ್ಣು ಬಿಡ್ತಿರ್ಲಿಲ್ಲ. ಆಸ್ಪತ್ರೆ ಆಚೆ ದಡದಲ್ಲಿ.

"ರಾಯಪ್ಪ, ದಾಟುಸ್ತೀಯೇನಪ್ಪ?" ಸ್ವಾಮ್ಯೋರು ನನ್ನ ಕೇಳುದ್ರು.

"ಬೇರೆ ಯಾವನೇ ಆಗಿದ್ರೂ ಆಗಲ್ಲ ಅಂತಿದ್ದ," ಅಂದೆ. "ಹತ್ತಿ."

ಸ್ವಾಮ್ಯೋರ ಹಿಂದೇನೇ ಇನ್ನಾಸಪ್ಪ ಮಗೂನ ಎದೆಗವಚ್ಕಂಡು ಹತ್ತಿದ. ಹರಿಗೋಲು ಅಂದ್ರೆ ಏನು, ಒಂದು ದೊಡ್ಡ ಬಿದಿರ ಬುಟ್ಟಿ. ತಳದಲ್ಲಿ ಯಾವಾಗ್ಲೂ ಒಂಚೂರು ನೀರು ಇದ್ದೇ ಇರ್ತದೆ. ಆ ನೀರು ಕಂಡು ಅವನು ಕೂರ್ಲೇ ಇಲ್ಲ. ಮಗು ನೆನೀತದೆ ಅಂತ ಎತ್ತಿ ಹಿಡ್ಕಂಡು ನಿಂತೇ ಇದ್ದ.

ದಡ ಬಿಟ್ಟಿದ್ದೇ ತಡ, ಹರಿಗೋಲು ವಾಲ್ತು.

"ಕೂತ್ಕಳೋ ಮಾರಾಯ!" ಅಂತ ಕಿರುಚ್ದೆ. "ಹರಿಗೋಲಲ್ಲಿ ಎದ್ದು ನಿಂತೋನು ತಾನೊಬ್ನೇ ಮುಳುಗಲ್ಲ!"

"ಕೆಳಗೆ ನೀರೈತೆ ರಾಯಪ್ಪಣ್ಣ! ಜ್ವರದ ಮೈ!"

"ಆಚೆ ಇನ್ನೂ ಜಾಸ್ತಿ ಐತೆ, ನೋಡ್ಕ!"

ಅವನು ಬಗ್ಗಲಿಲ್ಲ. ಅಂಚು ದಾಟಿ ನೀರು ಒಳಕ್ಕೆ ನುಗ್ತು.

ಸ್ವಾಮ್ಯೋರು ಬೈಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗ್ದು ತಳದಲ್ಲಿ ನಡುಮಧ್ಯ ಹಾಸುದ್ರು. ಎರಡೂ ಕೈ ಚಾಚುದ್ರು.

"ಕೊಡು."

"ಬ್ಯಾಡಿ ಅಯ್ಯಾ. ನನ್ ಕೈಯಲ್ಲೇ ಇರ್ಲಿ."

"ನಿನ್ ಕೈಯಲ್ಲೇ ಐತೆ. ಅದ್ಕೇ ಮುಳುಗ್ತಾ ಇದೀವಿ."

ಕೊಟ್ಟ. ಸ್ವಾಮ್ಯೋರು ಮಗೂನ ತಳದಲ್ಲಿ ಮಲಗ್ಸುದ್ರು. ಅವನೂ ಮಂಡಿಯೂರಿ ಪಕ್ಕದಲ್ಲಿ ಕುಂತ. ಹರಿಗೋಲು ನೆಟ್ಟಗಾಯ್ತು. ವಸ್ತ್ರ ನಿಧಾನಕ್ಕೆ ಒದ್ದೆ ಆಗ್ತಾ ಬಂತು. ಅವನು ಅದನ್ನೇ ನೋಡ್ತಾ ಇದ್ದ.

ನಡು ಹೊಳೇಲಿ ಬಂಡೆ ಮಗ್ಗುಲಿಗೆ ಒಂದು ಸುಳಿ ಐತೆ. ಆವತ್ತು ಸೆಳವು ನಮ್ಮನ್ನ ಸೀದಾ ಅಲ್ಲಿಗೇ ಎಳೀತು. ಸುಳಿ ಒಳಗೆ ಹುಟ್ಟು ಹಾಕಿ ಉಪಯೋಗ ಇಲ್ಲ. ಅದೇ ತಿರುಗ್ಸಿ ಅದೇ ಆಚೆ ಉಗೀಬೇಕು, ಇಲ್ಲಾ ಒಳಕ್ಕೆ ಎಳ್ಕಬೇಕು. ನಂಗೆ ಭಯ ಆಯ್ತು ಅಂತಲ್ಲ. ಕೈ ಬೆವೆತಿತ್ತು, ಅಷ್ಟೇ.

"ಸ್ವಾಮ್ಯೋರೇ, ಸುಳಿ ಬಂತು. ಜಪ ಮಾಡೋದಿದ್ರೆ ಈಗ್ಲೇ ಮಾಡ್ಬಿಡಿ."

ಇಬ್ರೂ 'ಪರಲೋಕದಲ್ಲಿರೋ ನಮ್ಮ ತಂದೆಯೇ' ಅಂತ ಪರಲೋಕದ ಜಪ ಹಿಡುದ್ರು. ಎರಡು ದನಿ ಕೇಳ್ತಿತ್ತು. ನಡುವೆ ಒಂದೇ ಆಯ್ತು.

ಸ್ವಾಮ್ಯೋರೂ ನಿಲ್ಲಿಸುದ್ರು. "ಯಾಕೋ, ಇವತ್ತು ಕೆಮ್ಮು ಬರ್ಲಿಲ್ವಾ?"

ಇನ್ನಾಸಪ್ಪ ಬೆಚ್ಚಿಬಿದ್ದ. "ನಿಮಗೆ ಗೊತ್ತಾ ಅಯ್ಯಾ?"

"'ನಿನ್ನ ಚಿತ್ತದಂಗೇ ಆಗ್ಲಿ' ಅನ್ನೋ ಕಡೆ ದಿನಾ ಸರ್ಯಾಗಿ ಕೆಮ್ತೀಯ. ಅಡುಗೆ ಸಂತಮ್ಮ ಪಾಪ ನಿಂಗೆ ಶುಂಠಿ ಕಷಾಯ ಕಾಯ್ಸಿ ಕಾಯ್ಸಿ ಸಾಕಾದ್ಲು."

ಅವನಿಗೆ ನಗು ಬರ್ಲಿಲ್ಲ.

"ಇವರಮ್ಮ ಹೆರಿಗೆ ನೋವು ತಿಂತಿದ್ದಾಗ ಆ ಮಾತು ಹೇಳ್ದೆ ಅಯ್ಯಾ. ಮನಸಾರೆ ಹೇಳ್ದೆ. ದೇವ್ರು ಅವಳನ್ನ ಕರ್ಕಂಡ್ಬಿಟ್ಟ. ಈಗ ಹೇಳುದ್ರೆ, ಅಪ್ಪನೇ ಒಪ್ಪವ್ನೆ ಅಂತ ಇವಳನ್ನೂ..."

"ನೀನು ಕೆಮ್ಮುದ್ರೆ ಅವನಿಗೆ ಇವಳು ಕಾಣಲ್ಲ ಅಂತ್ಲಾ?"

ಹರಿಗೋಲು ತಿರುಗೋಕೆ ಶುರುವಾಯ್ತು. ದಡ ಸುತ್ತಾ ಓಡ್ತಿತ್ತು. ಮಗು ಒಂದ್ಸಲ ನರಳ್ತು, ಮತ್ತೆ ಸುಮ್ಮನಾಯ್ತು.

"ನಿಮಗೇನ್ ಅಯ್ಯಾ! ನಿಮಗೆ ಭಯಾನೇ ಇಲ್ಲ, ಹೇಳ್ತೀರ!"

ಸ್ವಾಮ್ಯೋರು ಅವನ ಕೈ ಎಳ್ದು ತಮ್ಮೆದೆ ಮೇಲೆ ಒತ್ತಿಟ್ಕಂಡ್ರು.

ಇನ್ನಾಸಪ್ಪ ಕಣ್ಣು ಕಣ್ಣು ಬಿಟ್ಟ. "ಇದೇನಯ್ಯಾ, ಹಿಂಗ್ ಬಡ್ಕತದೆ!"

"ಮೊದ್ಲು ನಿಂಗೇನ್ ಬೇಕೋ ಅದನ್ನ ಕೇಳು. ಬಾಯ್ಬಿಟ್ಟು ಕೇಳು. ಕೇಳ್ಬ್ಯಾಡ ಅಂತ ಯಾರೂ ಅಂದಿಲ್ಲ."

ಅವನು ಕೂಗ್ದ ನೋಡಿ, ಆ ನೀರಿನ ಸದ್ದಲ್ಲೂ ನನ್ನ ಕಿವಿ ಗುಂಯ್ ಅಂತು. "ಇವಳನ್ನ ನಂಗೆ ಬಿಡು ತಂದೇ! ಇವಳೊಬ್ಬಳನ್ನ ಬಿಟ್ಬಿಡು!"

ಸ್ವಾಮ್ಯೋರು ಅವನ ಕೈ ಇನ್ನೂ ಬಿಗಿಯಾಗಿ ಹಿಡ್ಕಂಡ್ರು.

"ಈಗ ಜಪದಲ್ಲಿ ಬಿಟ್ಟಿದ್ದು ಹೇಳು."

ಅವನು ಬಾಯಿ ತೆಗ್ದ. ಹಲ್ಲು ಕಟಕಟ ಅಂದ್ವು, ಮಾತು ಬರ್ಲಿಲ್ಲ. ಮಗೀನ ಕಡೆ ಹೋದ ಕೈ ತಡ್ದು, ಹಂಗೇ ಗಾಳೀಲಿ ನಿಂತ್ಕಂತು.

"ನಡುಕ ಅಯ್ಯಾ. ಈ ನಡುಕ ನಿಲ್ಲಲಿ, ಆಮೇಲೆ ಹೇಳ್ತೀನಿ."

ಸುಳಿ ನಮ್ಮನ್ನ ಒಳಕ್ಕೆ ತಗಂತು. ಸ್ವಾಮ್ಯೋರು ಅವನ ಕೈ ಬಿಡ್ಲಿಲ್ಲ.

"ಶಿಲುಬೆಗೆ ಹೋಗೋ ಮುಂಚೆ ಆ ತೋಟದಲ್ಲಿ ಇದೇ ಮಾತು ಹೇಳೋಕೆ, ಯೇಸುಸ್ವಾಮಿ ನಡುಕ ನಿಲ್ಲೋಗಂಟ ಕಾದ್ರೇನಪ್ಪ?"