ಗಾಳಿಗುಡ್ಡದ ನೂರನೇ ಗೆಣಸು

ಏಳು ಕಡಲಿನಾಚೆ ಒಂದು ನಡುಗಡ್ಡೆ, ನಡುಗಡ್ಡೆಯ ನಡುವೆ ಒಂದು ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಒಂದೂರು ಇತ್ತಂತೆ. ಅವರ ಮಾತಲ್ಲಿ ಅದರ ಹೆಸರು ಏನೋ, ನಾವು ಗಾಳಿಗುಡ್ಡ ಅನ್ನೋಣ. ಊರಿಗೆ ಹಿರಿಯಳು ಫೀಬಾ ಅಜ್ಜಿ. ಅವಳ ತಾಯಿಯ ಕಾಲದವರನ್ನು ಹಡಗಿನಲ್ಲಿ ತುಂಬಿ ತಂದು, ದಡದಲ್ಲಿ ಸಾಲಾಗಿ ನಿಲ್ಲಿಸಿ, ತಲೆ ಎಣಿಸಿ, ಕಬ್ಬಿನ ಗದ್ದೆಗೆ ಮಾರಿದ್ದರಂತೆ. ಬಿಡುಗಡೆಯಾದ ದಿನ ಅವರು ಹಿಂದೆ ತಿರುಗಿ ನೋಡದೆ ಗುಡ್ಡ ಹತ್ತಿದರು. ಕಲ್ಲು ಕಿತ್ತರು, ಗೆಣಸು ನೆಟ್ಟರು, ಊರು ಕಟ್ಟಿದರು. ಅಂದಿನಿಂದ ಯಾರಾದರೂ ತಲೆ ಎಣಿಸಲು ಬಂದರೆ ಊರಿಗೆ ಊರೇ ಅಡವಿ ಸೇರುತ್ತಿತ್ತಂತೆ.

ಒಂದು ದಿನ ದೊರೆಯ ಗುಮಾಸ್ತ ಅಂಬ್ರೋಸ್ ಕತ್ತೆ ಏರಿ ಬಂದ. ಊರು ಬಿಕೋ ಅನ್ನುತ್ತಿತ್ತು. ಫೀಬಾ ಅಜ್ಜಿ ಒಬ್ಬಳೇ ಜಗಲಿಯ ಮೇಲೆ ಕೂತಿದ್ದಳು.

"ಜನ ಎಲ್ಲಜ್ಜೀ?"

"ನಿನ್ನ ಟೋಪಿ ನೋಡಿ ಓಡಿದರಪ್ಪಾ."

"ನಾನು ಮಾರೋಕೆ ಬಂದಿಲ್ಲ. ನೂರು ಜನ ಇಲ್ಲದ ಜಾಗ ಊರಲ್ಲ ಅಂತ ದೊರೆ ಹೇಳಿದ್ದಾನೆ. ಸಂಜೆಯೊಳಗೆ ನೂರು ಸಿಗದಿದ್ದರೆ ಈ ಗುಡ್ಡ ಕಬ್ಬಿನ ಧಣಿಗೆ."

ಎಣಿಕೆಗೆ ತಲೆ ಕೊಡಬೇಡ ಅಂತ ಅಜ್ಜಿಯ ತಾಯಿ ಹೇಳಿ ಸತ್ತಿದ್ದಳು. ಕೊಡದಿದ್ದರೆ ತಾಯಿ ಕಟ್ಟಿದ ಊರೇ ಹೋಗುತ್ತದೆ. ಕೂತು ಯೋಚಿಸಿದಳು, ಎದ್ದು ಯೋಚಿಸಿದಳು. ಆಮೇಲೆ ಒಳಗೆ ಹೋಗಿ ಶಂಖ ತಂದು ಊದಿದಳು.

ಅದು ಮುಯ್ಯಾಳಿನ ಶಂಖ. ಊದಿದರೆ ಊರೆಲ್ಲ ಒಂದೇ ಹಂಡೆಯಲ್ಲಿ ಬೇಯಿಸಿ ಉಂಡು, ಒಬ್ಬರ ಹೊಲದಲ್ಲಿ ದುಡಿಯಬೇಕು. ಮನೆಯಲ್ಲಿ ಎಷ್ಟು ಬಾಯಿಯೋ ಅಷ್ಟು ಗೆಣಸು ಬುಟ್ಟಿಗೆ ಹಾಕಬೇಕು.

ಅಡವಿಯಿಂದ ಒಬ್ಬೊಬ್ಬರೇ ಬಂದರು. ಗುಮಾಸ್ತನನ್ನು ಕಂಡು ಹಿಂದೆ ಸರಿದರು.

"ಅವನು ನಿಮ್ಮ ತಲೆ ಮುಟ್ಟೋದಿಲ್ಲ. ಗೆಣಸು ಎಣಿಸ್ಕೊಳ್ತಾನೆ, ಬನ್ನಿ," ಅಂದಳು ಅಜ್ಜಿ.

ಗಂಡಸರು ಹಾಕಿದರು, ಹೆಂಗಸರು ಹಾಕಿದರು, ಬಾಣಂತಿ ತನ್ನದೊಂದು ಹಾಕಿ ಕೂಸಿನ ಹೆಸರಲ್ಲಿ ಬೆರಳುದ್ದದ್ದೊಂದು ಹಾಕಿದಳು. ಗುಮಾಸ್ತ ಎಣಿಸಿದ. ತೊಂಬತ್ತೊಂಬತ್ತು. ಮತ್ತೆ ಎಣಿಸಿದ. ತೊಂಬತ್ತೊಂಬತ್ತೇ.

ಅಂದಿನ ಸರದಿಯ ಹೊಲದೊಡೆಯ ಕಜೊ ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದ: "ನನ್ನ ಕತ್ತೆ ಹೆಸರಲ್ಲಿ ಒಂದು ಹಾಕಿಬಿಡಲಾ? ಅದೂ ದುಡಿಯುತ್ತೆ."

"ಹಾಕು. ನಿನ್ನದು ತೆಗೆದು ಅದರದು ಹಾಕು. ಅದು ನಿನಗಿಂತ ಜಾಸ್ತಿ ದುಡಿಯುತ್ತೆ," ಅಂದಳು ಅಜ್ಜಿ. "ಇಲ್ಲದ ಬಾಯಿ ತೋರಿಸಿ ಊರು ಉಳಿಸ್ಕೊಳ್ಳೋ ಗತಿ ನಮಗೆ ಬಂದಿಲ್ಲ ಕಣೋ."

ಗುಮಾಸ್ತ ತಲೆ ತಗ್ಗಿಸಿದ. "ಒಂದು ಕಡಿಮೆ ಅಜ್ಜೀ."

"ಕಡಿಮೆಯೇ. ಹಸಿದಿದ್ದೀಯ, ಉಣ್ಣು ಬಾ."

ಹಂಡೆ ಬೆಂದಿತು. ಅಜ್ಜಿ ತನ್ನ ಪಾಲಿನ ಗೆಣಸನ್ನು ಎರಡು ಮಾಡಿ ಅರ್ಧ ಅವನಿಗಿಟ್ಟಳು. ಅವನು ಉಂಡು ಕೈತೊಳೆಯುತ್ತಲೇ ಗುದ್ದಲಿ ಮುಂದೆ ಹಿಡಿದಳು.

"ಇದೇನಜ್ಜೀ? ನಾನು ದೊರೆಯ ಗುಮಾಸ್ತ."

"ಇರಬಹುದಪ್ಪಾ. ನಮ್ಮ ಹಂಡೆಯಲ್ಲಿ ಉಂಡವರು ಹೊಲಕ್ಕೆ ಇಳೀಬೇಕು. ಇಲ್ಲಿನ ಕಟ್ಟಳೆ ಅದು, ದೊರೆ ಉಂಡರೂ ಅದೇ."

ಅವನು ಟೋಪಿ ತೆಗೆದಿಟ್ಟು ಇಳಿದ. ಅಗೆದ, ಬೆವೆತ, ಅಂಗೈಯಲ್ಲಿ ಬೊಬ್ಬೆ ಎದ್ದವು. ಕಜೊ ನಕ್ಕ, "ಬರೆಯೋ ಕೈ ಪಾಪ, ಮಣ್ಣು ಕಂಡಿಲ್ಲ."

ಪಕ್ಕದ ಸಾಲಿನಿಂದ ಅಜ್ಜಿ ಕೇಳಿದಳು, "ನಿನ್ನ ತಾಯಿ ಯಾವೂರವಳೋ ಮಗಾ?"

ಅವನ ಗುದ್ದಲಿ ನಿಂತಿತು. "ಗೊತ್ತಿಲ್ಲಜ್ಜೀ. ಅವಳನ್ನೂ ದಡದಲ್ಲಿ ಎಣಿಸಿದ್ದರು. ಗದ್ದೆಯಲ್ಲೇ ಸತ್ತಳು. ನನಗೆ ಊರು ಅಂತ ಒಂದಿಲ್ಲ."

ಅಜ್ಜಿ ಅವನ ಸಾಲಿನ ಉಳಿದ ಕಳೆಯನ್ನು ತಾನೇ ಕಿತ್ತಳು.

ಹೊತ್ತು ಮುಳುಗುವ ಮುಂಚೆ ಅಂಬ್ರೋಸ್ ತಾನು ಅಗೆದ ಸಾಲಿನಿಂದ ಒಂದು ಗೆಣಸು ಕಿತ್ತು, ಮಣ್ಣು ಒರೆಸಿ, ಖಾಲಿ ಬುಟ್ಟಿಗೆ ಹಾಕಿದನಂತೆ. ಯಾರೂ ಹಾಕು ಅಂದಿರಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಆಮೇಲೆ ಕಾಗದ ಬಿಚ್ಚಿ "ಗಾಳಿಗುಡ್ಡ ಊರು, ನೂರು ಜನ" ಎಂದು ಬರೆದು ಮೊಹರು ಒತ್ತಿದ.

ಕಾಗದವನ್ನೂ ಟೋಪಿಯನ್ನೂ ಹೊತ್ತು ಅವನು ಏರಿ ಬಂದ ಕತ್ತೆ ಗುಡ್ಡ ಇಳಿಯಿತು. ಅಂಬ್ರೋಸ್ ಇಳಿಯಲಿಲ್ಲ.

ಅವರು ಅಲ್ಲಿ ಗೆಣಸುಂಡು ಗಟ್ಟಿಯಾಗಿದ್ದಾರೆ, ನಾವು ಇಲ್ಲಿ ಕಥೆಯುಂಡು ತಣ್ಣಗಿದ್ದೇವೆ.